ಸ್ಟೇಟಸ್ ನೋಡಿದವರು 46, ಮಾತಾಡಿದವರು ಇಬ್ಬರು

ಬೆಳಗ್ಗೆ ಐದೂವರೆಗೆ ನನ್ನ ವಾಟ್ಸಾಪ್‌ನಲ್ಲಿ ಒಂದು ಹಸಿರು ಉಂಗುರ ಮೂಡುತ್ತೆ. ಐಹೊಳೆಗೆ ಹತ್ತಿರದ, ಮಲಪ್ರಭೆ ದಂಡೆಯ ಒಂದು ಹಳ್ಳಿಯ ಅಕ್ಕ ಸ್ಟೇಟಸ್ ಹಾಕಿದ್ದಾರೆ ಅಂತ ಅರ್ಥ. ಅವರ ಹೆಸರನ್ನೂ ಊರನ್ನೂ ಬದಲಿಸಿಲ್ಲ, ಬರೆದೇ ಇಲ್ಲ. ಮಾತಾಡೋಕೆ ಅವರು ಹಾಕಿದ ಒಂದೇ ಷರತ್ತು ಅದು.

ಸ್ಟೇಟಸ್‌ನಲ್ಲಿ ಇರೋದು ಅವರ ತಮ್ಮನ ಫೋಟೊ. ಒಂದು ದಿನ ದುರ್ಗಾ ಗುಡಿ ಮುಂದೆ ಬೈಕಿಗೆ ಒರಗಿ ನಿಂತದ್ದು, ಇನ್ನೊಂದು ದಿನ ಜಾತ್ರೆಯಲ್ಲಿ ಗುಲಾಲು ಮೆತ್ತಿಕೊಂಡದ್ದು, ಮತ್ತೊಂದು ದಿನ ಆಧಾರ್ ಕಾರ್ಡಿನ ಫೋಟೊವನ್ನೇ ದೊಡ್ಡದು ಮಾಡಿದ್ದು. ಕೆಳಗೆ ಒಂದೇ ಸಾಲು, ‘ಮಿಸ್ ಯು ತಮ್ಮಾ’. ಎರಡು ವರ್ಷದಿಂದ ಹೀಗೇ ನಡೆದಿದೆ. ತಮ್ಮ ಹೋದದ್ದು ಆತ್ಮಹತ್ಯೆಯಿಂದ.

‘ರಾತ್ರಿ ಮಲಗೂ ಮುಂದ ಯಾರ‍್ಯಾರು ನೋಡ್ಯಾರ ಅಂತ ಒಂದ್ ಸಲ ತಗದ್ ನೋಡ್ತೀನ್ರಿ’ ಅಂದ್ರು. ‘ನಲವತ್ತಾರು ಮಂದಿ ನೋಡಿರ್ತಾರ. ಇಬ್ರು ಏನರ ಬರದಿರ್ತಾರ. ಉಳದವ್ರು ನೋಡಿ ಸುಮ್ನ ಮುಂದ ಹೋಗಿರ್ತಾರ. ಹೋಗ್ಲಿ ಬಿಡ್ರಿ. ನೋಡ್ಯಾರಲ್ಲ.’

ಈ ‘ನೋಡ್ಯಾರಲ್ಲ’ ಅನ್ನೋ ಮಾತು ನನ್ನ ತಲೆಯಿಂದ ಹೋಗಲಿಲ್ಲ. ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಏನನ್ನೇ ಕಂಡರೂ ಒಳಗೆ ಅದು ಹೇಗೆ ಕೆಲಸ ಮಾಡುತ್ತೆ ಅಂತ ಬಿಚ್ಚಿ ನೋಡೋ ಚಟ ಬಿಟ್ಟಿಲ್ಲ. ಹಳ್ಳಿ ತುಂಬಾ ಮಂದಿ, ಮನೆ ತುಂಬಾ ನೆಂಟರು ಇರೋ ಹೆಣ್ಣುಮಗಳಿಗೆ ಈ ಮಾತು ಹೇಳೋಕೆ ಒಂದು ಅಮೆರಿಕನ್ ಕಂಪನಿಯ ಆ್ಯಪ್ ಯಾಕೆ ಬೇಕಾಯಿತು? ನಲವತ್ತಾರು ಮಂದಿಯಲ್ಲಿ ನಲವತ್ತನಾಲ್ಕು ಮಂದಿ ಯಾಕೆ ಸುಮ್ಮನಿರ್ತಾರೆ? ಈ ಲೇಖನ ಆ ಎರಡು ಪ್ರಶ್ನೆಗಳ ಬಗ್ಗೆ.

ಮೊದಲು ಊರಿನ ಪದ್ಧತಿ ನೋಡೋಣ. ಬಾಗಲಕೋಟೆ ಸೀಮೆಯಲ್ಲಿ ಯಾರಾದರೂ ತೀರಿಕೊಂಡರೆ ‘ಮಾತಾಡ್ಸಾಕ’ ಹೋಗ್ತಾರೆ. ನೆಂಟರು, ಬೀಗರು, ಹೊಲದ ನೆರೆಯವರು ದಿನವಿಡೀ ಬರ್ತಾರೆ, ಜಗಲಿ ಮೇಲೆ ಕೂರ್ತಾರೆ. ಹೆಣ್ಣುಮಕ್ಕಳು ಹೋದವರ ಗುಣಗಳನ್ನು ಒಂದೊಂದಾಗಿ ನೆನೆಸಿ ಹಾಡಿದ ಹಾಗೆ ಅಳ್ತಾರೆ. ಗಂಡಸರು ಅಡಿಕೆ ಎಲೆ ಹಾಕ್ಕೊಂಡು ಮಳೆ ಬೆಳೆ ಮಾತಾಡ್ತಾ, ನಡುನಡುವೆ ಹೋದವರ ಸುದ್ದಿಗೆ ಬರ್ತಾರೆ. ಪುಸ್ತಕ ಓದಿ ಯಾರೂ ಇದನ್ನು ಕಲಿತಿಲ್ಲ. ಆದರೂ ದುಃಖದಲ್ಲಿದ್ದವರನ್ನು ಒಂಟಿ ಬಿಡಬಾರದು ಅನ್ನೋ ದೊಡ್ಡ ತಿಳಿವಳಿಕೆ ಇದರಲ್ಲಿದೆ.

ಆತ್ಮಹತ್ಯೆ ಆದ ಮನೆಯಲ್ಲೂ ಜನ ಬರ್ತಾರೆ. ಆದರೆ ಬಂದವರ ಬಾಯಲ್ಲಿ ಒಂದೇ ಮಾತು, ‘ಯಾಕ?’ ಸಾಲ ಇತ್ತಾ? ಹುಡುಗಿ ವಿಷಯಾನಾ? ಮನ್ಯಾಗ ಜಗಳಾಗಿತ್ತಾ? ಹಿಂದಿನ ದಿನ ಯಾರ ಜೋಡಿ ಮಾತಾಡಿದ್ದ? ಕೇಳುವವರಿಗೆ ಅದು ಕುತೂಹಲ, ಕೆಲವೊಮ್ಮೆ ನಿಜವಾದ ಮರುಕ. ಕೇಳಿಸಿಕೊಳ್ಳುವವರಿಗೆ ಮಾತ್ರ ಪ್ರತಿ ‘ಯಾಕ’ದ ಹಿಂದೆ ‘ನೀವೇನ್ ಮಾಡಾಕತ್ತಿದ್ರಿ?’ ಅಂತಲೇ ಕೇಳಿಸುತ್ತೆ. ಹೇಗೂ ಆ ಪ್ರಶ್ನೆ ರಾತ್ರಿಯೆಲ್ಲಾ ಅವರ ತಲೆಯೊಳಗೇ ಓಡ್ತಿರುತ್ತೆ.

ಅಕ್ಕ ಒಂದು ಮಾತು ಹೇಳಿದ್ರು. ‘ಮೂರ್ ದಿನಾ ಮಂದಿ ಬಂದ್ರು. ನನ್ನ ತಮ್ಮ ಎಂಥಾವಿದ್ದ ಅಂತ ಒಬ್ರೂ ಕೇಳ್ಲಿಲ್ಲ ನೋಡ್ರಿ. ಎಲ್ಲಾರೂ ಅಂವಾ ಹೆಂಗ್ ಹೋದ ಅಂತ ಕೇಳಿದ್ರು.’

ಇದರ ಮೇಲೆ ಸರ್ಕಾರದ ಪ್ರಶ್ನೆಗಳು ಬೇರೆ. ಅಸಹಜ ಸಾವು ಅಂದ ಮೇಲೆ ಪೊಲೀಸರು ಯುಡಿಆರ್ ದಾಖಲಿಸಲೇಬೇಕು. ಮೊದಲು ಸಿಆರ್‌ಪಿಸಿ 174, ಈಗ ಬಿಎನ್ಎಸ್ಎಸ್ 194. ಮರಣೋತ್ತರ ಪರೀಕ್ಷೆ, ಪಂಚನಾಮೆ, ಹೇಳಿಕೆ ಎಲ್ಲಾ ಆಗಬೇಕು. ಸತ್ತವಳು ಮದುವೆಯಾಗಿ ಏಳು ವರ್ಷದೊಳಗಿನ ಹೆಣ್ಣುಮಗಳಾದರೆ ಮ್ಯಾಜಿಸ್ಟ್ರೇಟ್ ಅಧಿಕಾರ ಇರೋ ಅಧಿಕಾರಿಯೇ ವಿಚಾರಣೆ ಮಾಡ್ತಾರೆ. ಇದ್ಯಾವುದೂ ತಪ್ಪಲ್ಲ, ಬೇಕೇ ಬೇಕು. ಆದರೆ ಮಣ್ಣು ಮಾಡೋ ಮೊದಲೇ ಮನೆಯವರು ಸಾಕ್ಷಿಗಳಾಗಿಬಿಡ್ತಾರೆ. ಎಷ್ಟೋ ಸಲ ಸತ್ತವರ ಫೋನ್ ಕೂಡ ತನಿಖೆಗೆ ಹೋಗಿರುತ್ತೆ. ಕೊನೆಯ ಫೋಟೊಗಳು, ಕೊನೆಯ ವಾಯ್ಸ್ ಮೆಸೇಜ್‌ಗಳು ಅದರಲ್ಲೇ ಇರುತ್ವೆ.

ರೈತನ ಸಾವಾದರೆ ಇನ್ನೊಂದು ಸುತ್ತು. ರಾಜ್ಯದಲ್ಲಿ 2015ರಲ್ಲಿ ರೈತರ ಆತ್ಮಹತ್ಯೆ ಸಾವಿರ ದಾಟಿದಾಗ ಸರ್ಕಾರ ಪರಿಹಾರವನ್ನು 5 ಲಕ್ಷಕ್ಕೆ ಏರಿಸಿತು, ವಿಧವೆಗೆ ತಿಂಗಳಿಗೆ 2,000 ರೂಪಾಯಿ ಪಿಂಚಣಿ ಅಂತಲೂ ಮಾಡಿತು. ಅದು ಸಿಗಬೇಕಾದರೆ ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿ ಮುಂದೆ ಸಾವಿಗೆ ಕೃಷಿ ಸಾಲವೇ ಕಾರಣ ಅಂತ ದಾಖಲೆ ಸಮೇತ ಸಾಬೀತಾಗಬೇಕು. ಇಲ್ಲಿರೋ ಇಕ್ಕಟ್ಟು ನೋಡಿ. ಆಫೀಸಿನಲ್ಲಿ ‘ಹೌದು, ಇದು ಆತ್ಮಹತ್ಯೆಯೇ, ಕಾರಣ ಇದೇ’ ಅಂತ ಮತ್ತೆ ಮತ್ತೆ ಹೇಳಬೇಕು. ಬೀಗರ ಮುಂದೆ, ತಂಗಿಯ ಸಂಬಂಧ ನೋಡೋಕೆ ಬಂದವರ ಮುಂದೆ ಅದೇ ಮಂದಿ ‘ಹಾರ್ಟ್ ಅಟ್ಯಾಕ್ ಆತ್ರಿ’ ಅನ್ನಬೇಕು. ಒಂದೇ ಸಾವಿಗೆ ಎರಡು ಕಥೆ. ಎರಡರಲ್ಲೂ ಸತ್ತ ಮನುಷ್ಯ ಇಲ್ಲ, ಕಾರಣ ಮಾತ್ರ ಇದೆ.

ಫೋನು ಒಳಗೆ ಬರೋದು ಈ ಜಾಗದಲ್ಲಿ.

ಐಹೊಳೆ ಮ್ಯೂಸಿಯಮ್ಮಿಗೆ ಹೋದವರು ವೀರಗಲ್ಲು ನೋಡಿರ್ತೀರಿ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲೆ ಶಿವನ ಸನ್ನಿಧಿ. ಒಬ್ಬ ಹೇಗೆ ಸತ್ತ ಅನ್ನೋದನ್ನು ಕಲ್ಲಿನಲ್ಲಿ ಕೆತ್ತಿ ಊರ ಮುಂದೆ ನಿಲ್ಲಿಸ್ತಿದ್ರು. ಹಳೇ ಕಾಲ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಹೆಂಡತಿ ಚಿತೆ ಏರಿದ್ದನ್ನು ಕೊಂಡಾಡೋ ಮಾಸ್ತಿಗಲ್ಲೂ ಅದೇ ಕಾಲದ್ದು. ಹೇಳೋಕೆ ಹೊರಟಿದ್ದು ಇಷ್ಟೆ: ಯಾವ ಸಾವಿಗೆ ಕಲ್ಲು ನಿಲ್ಲಿಸಬೇಕು, ಯಾವುದಕ್ಕೆ ಬೇಡ ಅಂತ ಊರು ಯಾವತ್ತೂ ತೀರ್ಮಾನ ಮಾಡಿಕೊಂಡೇ ಬಂದಿದೆ. ಇವತ್ತು ಕಲ್ಲಿನ ಬದಲು ಸರ್ಕಲ್‌ನಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಫ್ಲೆಕ್ಸು. ಆಕ್ಸಿಡೆಂಟಿನಲ್ಲಿ ಹೋದ ಹುಡುಗನಿಗೆ ಗೆಳೆಯರ ಬಳಗದ ಫ್ಲೆಕ್ಸ್ ಬೀಳುತ್ತೆ. ಆತ್ಮಹತ್ಯೆಯಿಂದ ಹೋದ ಹುಡುಗನಿಗೆ ಬಹಳ ಸಲ ಬೀಳೋದಿಲ್ಲ, ಬಿದ್ದರೂ ಬೇಗ ಇಳಿಯುತ್ತೆ. ಅಕ್ಕನ ತಮ್ಮನಿಗೆ ಬೀಳಲಿಲ್ಲ. ಸ್ಟೇಟಸ್ ಹಾಕೋಕೆ ಮಾತ್ರ ಯಾರ ಪರ್ಮಿಶನ್ನೂ ಬೇಕಿರಲಿಲ್ಲ.

ಇದು ಎಷ್ಟು ಮನೆಗಳ ಮಾತು? ಎನ್‌ಸಿಆರ್‌ಬಿ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳಾದವು. ಕರ್ನಾಟಕದಲ್ಲಿ 13,606. ಮಹಾರಾಷ್ಟ್ರ, ತಮಿಳುನಾಡು, ಮಧ್ಯಪ್ರದೇಶ ಬಿಟ್ಟರೆ ನಾವೇ. ಒಂದು ಸಾವಿನ ಹಿಂದೆ ದುಃಖಪಡುವವರು ಆರು ಮಂದಿ ಅಂತ ಬಹಳ ಕಾಲ ನಂಬಲಾಗಿತ್ತು. ಅಮೆರಿಕದ ಸಂಶೋಧಕಿ ಜೂಲಿ ಸೆರೆಲ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಒಂದು ಆತ್ಮಹತ್ಯೆ ಹತ್ತಿರ ಹತ್ತಿರ 135 ಪರಿಚಿತರನ್ನು ಒಂದಲ್ಲ ಒಂದು ರೀತಿ ಮುಟ್ಟುತ್ತೆ ಅಂತ ಬಂತು. ಆ 135 ಮಂದಿಯೂ ಅಕ್ಕನ ಹಾಗೆ ಕುಸಿದು ಕೂರ್ತಾರೆ ಅಂತ ಅಲ್ಲ. ಅವರ ದೇಶದ ಲೆಕ್ಕ ನಮ್ಮ ಹಳ್ಳಿಗೆ ಹಾಗೇ ಕೂರುತ್ತೆ ಅಂತಲೂ ಅಲ್ಲ. ಆದರೂ ಸುಮ್ಮನೆ ಗುಣಿಸಿ ನೋಡಿದೆ. 13,606 ಸಲ 135 ಅಂದರೆ 18 ಲಕ್ಷ ದಾಟುತ್ತೆ. 2011ರ ಜನಗಣತಿಯಲ್ಲಿ ಇಡೀ ಬಾಗಲಕೋಟೆ ಜಿಲ್ಲೆಯ ಜನಸಂಖ್ಯೆ 18.9 ಲಕ್ಷ. ವರ್ಷಕ್ಕೊಂದು ಜಿಲ್ಲೆಯಷ್ಟು ಜನ.

ಇದು ಬರೀ ಸಮಾಧಾನದ ಪ್ರಶ್ನೆಯೂ ಅಲ್ಲ. ಲಂಡನ್ನಿನ ಅಲೆಕ್ಸಾಂಡ್ರಾ ಪಿಟ್‌ಮನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಓದುವ, ಕೆಲಸ ಮಾಡುವ 3,432 ಯುವಜನರನ್ನು ವಿಚಾರಿಸಿದರು. ಎಲ್ಲರೂ ಹತ್ತಿರದವರನ್ನು ದಿಢೀರಂತ ಕಳೆದುಕೊಂಡವರೇ. ಕಾಯಿಲೆಯಂಥ ಸಹಜ ಕಾರಣದಿಂದ ಕಳೆದುಕೊಂಡವರಿಗಿಂತ ಆತ್ಮಹತ್ಯೆಯಿಂದ ಕಳೆದುಕೊಂಡವರಲ್ಲಿ, ತಾವೂ ಪ್ರಾಣ ಕಳೆದುಕೊಳ್ಳೋ ಪ್ರಯತ್ನ ಮಾಡುವ ಸಾಧ್ಯತೆ ಗಮನಾರ್ಹವಾಗಿ ಹೆಚ್ಚಿತ್ತು. ಅವಮಾನ, ಕಳಂಕದ ಭಾವ ಇದರಲ್ಲಿ ದೊಡ್ಡ ಪಾತ್ರ ವಹಿಸುತ್ತೆ ಅನ್ನೋದು ಅವರಿಗೆ ಕಂಡ ಇನ್ನೊಂದು ಸಂಗತಿ. ಅಂದರೆ ಉಳಿದವರ ಜೊತೆ ಮಾತಾಡೋದು ಅಂದರೆ ಮುಂದಿನ ಸಾವನ್ನು ತಡೆಯೋ ಕೆಲಸವೂ ಹೌದು.

ಯಾವ ಆ್ಯಪ್ ಏನು ಕೊಡುತ್ತೆ

ಜಿಯೊ ಶುರುವಾಗಿದ್ದು 2016ರ ಸೆಪ್ಟೆಂಬರ್‌ನಲ್ಲಿ. ವಾಟ್ಸಾಪ್ ಈಗಿನ ರೂಪದ ಸ್ಟೇಟಸ್ ತಂದದ್ದು 2017ರ ಫೆಬ್ರುವರಿಯಲ್ಲಿ. ಅಗ್ಗದ ಡೇಟಾ ಮತ್ತು ಸ್ಟೇಟಸ್ ಹೆಚ್ಚುಕಮ್ಮಿ ಒಟ್ಟೊಟ್ಟಿಗೇ ಹಳ್ಳಿಗೆ ಬಂದವು. ದುಃಖದಲ್ಲಿರೋರಿಗಾಗಿ ಅದನ್ನು ಯಾರೂ ಮಾಡಿದ್ದಲ್ಲ. ಆದರೆ ಅದರ ರಚನೆ ವಿಚಿತ್ರವಾಗಿ ಅವರಿಗೆ ಹೊಂದಿಕೊಂಡುಬಿಟ್ಟಿದೆ.

ಹೇಗೆ ಅಂದರೆ, ಸ್ಟೇಟಸ್ ಕಾಣೋದು ಪರಸ್ಪರ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ. ಅದರಲ್ಲೂ ಬೇಡದವರನ್ನು ಹೊರಗಿಡಬಹುದು. ಅಕ್ಕ ಗಂಡನ ಕಡೆಯ ಹನ್ನೊಂದು ಮಂದಿಯನ್ನು ಹೊರಗಿಟ್ಟಿದ್ದಾರೆ. (‘ಅವ್ರು ನೋಡಿದ್ರ ಮತ್ತ ಮನ್ಯಾಗ ಮಾತ್ ಬರ್ತಾವ್ರಿ.’) 24 ಗಂಟೆಗೆ ತಾನೇ ಅಳಿಸಿ ಹೋಗುತ್ತೆ, ‘ಇನ್ನೂ ಎಷ್ಟು ದಿನ ಅಳ್ತೀ’ ಅನ್ನುವವರಿಗೆ ತೋರಿಸೋಕೆ ಪುರಾವೆ ಉಳಿಯಲ್ಲ. ಯಾರಾದರೂ ಉತ್ತರ ಬರೆದರೆ ಅದು ಅವರಿಬ್ಬರ ನಡುವಿನ ಚಾಟ್‌ಗೆ ಬರುತ್ತೆ, ನಾಲ್ಕು ಮಂದಿ ಎದುರು ಅಲ್ಲ. ಎಲ್ಲಕ್ಕಿಂತ ಮುಖ್ಯ, ಯಾರು ನೋಡಿದರು ಅನ್ನೋ ಪಟ್ಟಿ ಸಿಗುತ್ತೆ. ಜಗಲಿ ಮೇಲೆ ಬಂದು ಕೂತವರ ಹಾಗೆ. ಬಾಯಿ ಬಿಡದಿದ್ದರೂ ಬಂದಿದ್ದರು ಅನ್ನೋ ಲೆಕ್ಕ ಇರುತ್ತೆ, ‘ಯಾಕ’ ಅಂತ ಕೇಳೋಕೆ ಅಲ್ಲಿ ಜಾಗ ಕಮ್ಮಿ. ‘ನೋಡ್ಯಾರಲ್ಲ’ ಅನ್ನೋ ಮಾತಿನ ಅರ್ಥ ನನಗೆ ಹೊಳೆದದ್ದು ಇಲ್ಲಿ.

ಫೇಸ್‌ಬುಕ್ ಬೇರೆ ಜಾತಿ. ಅಲ್ಲಿ ಸತ್ತವರ ಖಾತೆ ಹಾಗೇ ಉಳಿಯುತ್ತೆ, ಅವರ ಗೋಡೆ ಮೇಲೆ ಬರೀತಾ ಹೋಗಬಹುದು. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜೋ ಬೆಲ್ ಮತ್ತು ಸಂಗಡಿಗರು ಆತ್ಮಹತ್ಯೆಯಿಂದ ಬಂಧುಗಳನ್ನು ಕಳೆದುಕೊಂಡು ಫೇಸ್‌ಬುಕ್ಕಿನಲ್ಲಿ ಸ್ಮರಣೆ ಪುಟ ಇಟ್ಟುಕೊಂಡವರನ್ನು ಮಾತಾಡಿಸಿ 2015ರಲ್ಲಿ ಬರೆದರು. ಅವರು ಕಂಡದ್ದು ಏನಂದರೆ, ಜನ ಸತ್ತವರ ಬಗ್ಗೆ ಬರೆಯೋದಕ್ಕಿಂತ ಸತ್ತವರಿಗೇ ಬರೀತಾರೆ. ಹುಟ್ಟುಹಬ್ಬಕ್ಕೆ ವಿಶ್ ಮಾಡ್ತಾರೆ, ಮನೆಯ ಸುದ್ದಿ ತಿಳಿಸ್ತಾರೆ. ಹೋದವರನ್ನು ‘ಬಿಟ್ಟುಬಿಡಬೇಕು’ ಅಂತ ಹಿಂದೆ ಮನಶ್ಶಾಸ್ತ್ರದವರು ಹೇಳ್ತಿದ್ದರು. 1996ರಲ್ಲಿ ಡೆನಿಸ್ ಕ್ಲಾಸ್ ಮತ್ತಿತರರು ಆ ಮಾತನ್ನು ಪ್ರಶ್ನಿಸಿದ ಮೇಲೆ, ಸಂಬಂಧ ಬೇರೆ ರೂಪದಲ್ಲಿ ಮುಂದುವರಿಯೋದೇ ಸಹಜ ಅನ್ನೋ ವಾದ ಗಟ್ಟಿಯಾಗಿದೆ. ನಮ್ಮ ಕಡೆಯವರಿಗೆ ಇದು ಹೊಸ ಸುದ್ದಿಯೇನಲ್ಲ. ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡೋರು ನಾವು.

ಫೇಸ್‌ಬುಕ್ ಬಗ್ಗೆ ಎರಡು ಉಪಯೋಗದ ಮಾತು. ಮರಣದ ದಾಖಲೆ ಕೊಟ್ಟರೆ ಖಾತೆಯನ್ನು ಸ್ಮರಣೆ ಖಾತೆ ಮಾಡ್ತಾರೆ. ಆಮೇಲೆ ಅದಕ್ಕೆ ಯಾರೂ ಲಾಗಿನ್ ಆಗೋಕೆ ಆಗಲ್ಲ, ‘ಇವತ್ತು ಇವರ ಹುಟ್ಟುಹಬ್ಬ, ವಿಶ್ ಮಾಡಿ’ ಅನ್ನೋ ಸೂಚನೆಗಳೂ ನಿಲ್ಲುತ್ವೆ. ಇನ್ನೊಂದು, ‘ಮೆಮೊರೀಸ್’ ಸೆಟ್ಟಿಂಗ್‌ನಲ್ಲಿ ಒಬ್ಬ ವ್ಯಕ್ತಿಯನ್ನೋ ಒಂದು ತಾರೀಖನ್ನೋ ಮರೆಮಾಡಬಹುದು. ತಯಾರಿಲ್ಲದ ಬೆಳಗ್ಗೆ ಆ ಫೋಟೊ ಎದುರು ಬಂದು ನಿಲ್ಲೋದು ತಪ್ಪುತ್ತೆ.

ಇನ್‌ಸ್ಟಾಗ್ರಾಂ ಬಗ್ಗೆ ನನಗೆ ಒಳ್ಳೇ ಅಭಿಪ್ರಾಯ ಇಲ್ಲ. ನೀವು ಎರಡು ದುಃಖದ ರೀಲ್ಸ್ ಪೂರ್ತಿ ನೋಡಿದರೆ ಅದು ಇಪ್ಪತ್ತು ತಂದು ಸುರಿಯುತ್ತೆ. ಯಾರಿಗೂ ಸೇರದ ದುಃಖ, ಹಿಂದೆ ಒಂದು ಹಾಡು, ಸಾವನ್ನೇ ಸುಂದರ ಮಾಡೋ ಸಾಲುಗಳು. ಅಣ್ಣನನ್ನು ಕಳೆದುಕೊಂಡ ಹದಿನೇಳರ ಹುಡುಗನ ಕೈಯಲ್ಲಿ ರಾತ್ರಿ ಒಂದು ಗಂಟೆಗೆ ಆ ಫೀಡ್ ಇರಬಾರದು. ‘ನಾಟ್ ಇಂಟರೆಸ್ಟೆಡ್’ ಒತ್ತುತ್ತಾ ಹೋದರೆ ಸ್ವಲ್ಪ ಬದಲಾಗುತ್ತೆ. ಅದಕ್ಕಿಂತ ಮನೆಯ ದೊಡ್ಡವರು ಪಕ್ಕ ಕೂತು ‘ಏನ್ ನೋಡಾಕತ್ತೀ, ನನಗೂ ತೋರ್ಸು’ ಅನ್ನೋದು ವಾಸಿ.

ಇನ್ನು ಸಿಮ್. ಇದರ ಬಗ್ಗೆ ಯಾರೂ ಬರೆಯಲ್ಲ, ಆದ್ದರಿಂದ ಸ್ವಲ್ಪ ಹೆಚ್ಚೇ ಬರೀತೀನಿ. ಹೋದವರ ನಂಬರಿಗೆ ಮನೆಯವರು ರೀಚಾರ್ಜ್ ಮಾಡ್ತಾ ಇರೋದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಯಲ್ಲಿ ಕಂಡಿದ್ದೇನೆ. ಮೊದಲ ಸಲ ಹುಚ್ಚು ಅನ್ನಿಸಿತ್ತು. ಆಮೇಲೆ ನಿಯಮ ನೋಡಿದೆ. ವಾಟ್ಸಾಪ್ ಖಾತೆ 120 ದಿನ ಬಳಸದೇ ಬಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತೆ. ಆಗ ಆ ಡಿಪಿ ಹೋಗುತ್ತೆ, ಮನೆಮಂದಿಯ ಗ್ರೂಪಿನಲ್ಲಿ ಅವರು ‘ಲೆಫ್ಟ್’ ಅಂತ ಬರುತ್ತೆ. ಸತ್ತು ನಾಲ್ಕು ತಿಂಗಳಿಗೆ ಮಗ ಗ್ರೂಪ್ ಬಿಟ್ಟು ಹೋದ ಅನ್ನೋ ಆ ಸಾಲು ತಾಯಿಗೆ ಹೇಗಿರುತ್ತೆ ಅಂತ ಯೋಚಿಸಿ. ಬಂದ್ ಆದ ನಂಬರನ್ನು ಕಂಪನಿಗಳು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ಅದಾದ ಮೇಲೆ ಕೊಡ್ತಾರೆ. ಒಂದು ದಿನ ‘ತಮ್ಮ’ ಅಂತ ಸೇವ್ ಆದ ಹೆಸರಿನ ಮೇಲೆ ಯಾರೋ ಅಪರಿಚಿತರ ನಗುಮುಖ ಬಂದು ಕೂರುತ್ತೆ.

ಅಕ್ಕನಿಗೆ ಹಾಗೇ ಆಯಿತು. ‘ಆ ನಂಬರಿಗೆ ಒಂದ್ ಮೆಸೇಜ್ ಹಾಕಿದ್ನಿರಿ, ಇದು ನನ್ ತಮ್ಮಂದು ಅಂತ. ಪಾಪ, ಯಾರೋ ಏನೋ, ಸಾರಿ ಅಕ್ಕಾ ಅಂದ್ರು.’

ಇದನ್ನು ತಪ್ಪಿಸೋ ದಾರಿ ಇದೆ. ಫೋನ್ ಕೈಗೆ ಸಿಕ್ಕ ತಕ್ಷಣ, ಸಿಮ್ ಚಾಲ್ತಿ ಇರುವಾಗಲೇ, ಚಾಟ್ ‘ಎಕ್ಸ್‌ಪೋರ್ಟ್’ ಮಾಡಿ, ವಾಯ್ಸ್ ಮೆಸೇಜ್ ಮತ್ತು ಫೋಟೊಗಳನ್ನು ಬೇರೆ ಕಡೆ ಕಾಪಿ ಮಾಡಿಡಿ. ತಮ್ಮ ಫೋನಿಗೆ ಬಂದ ವಾಯ್ಸ್ ಮೆಸೇಜ್‌ಗಳು ಹೇಗೂ ಇರುತ್ತಲ್ಲ ಅಂತ ಎಷ್ಟೋ ಮಂದಿ ಸುಮ್ಮನಿದ್ದು, ಹೊಸ ಫೋನ್ ತಗೊಂಡಾಗ ಕಳೆದುಕೊಂಡಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ನಾನು ಸತ್ತರೆ ನನ್ನ ದತ್ತಾಂಶದ ಹಕ್ಕು ಇಂಥವರಿಗೆ ಅಂತ ನಾಮಿನಿ ಮಾಡೋ ಅವಕಾಶ ಕೊಟ್ಟಿದ್ದಾರೆ. ಒಳ್ಳೇದೇ. ಆದರೆ ಇಪ್ಪತ್ತಾರನೇ ವಯಸ್ಸಿಗೆ ಯಾರು ನಾಮಿನಿ ಮಾಡ್ತಾರೆ ಹೇಳಿ.

ಇದೇ ಫೋನು ಕಚ್ಚೋದು ಹೇಗೆ

2025ರ ಶುರುವಿನಲ್ಲಿ ಮೈಕ್ರೊಫೈನಾನ್ಸ್ ವಸೂಲಿ ಕಿರುಕುಳಕ್ಕೆ ಜನ ಜೀವ ಕಳೆದುಕೊಂಡ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಫೆಬ್ರುವರಿ 12ಕ್ಕೆ ಅಂಕಿತ ಹಾಕಿದರು. ಸುದ್ದಿ ಆಗದೇ ಇದ್ದಿದ್ದರೆ ಅದು ಬರ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಆ ವಾರಗಳಲ್ಲಿ ಸತ್ತವರ ಫೋಟೊ, ಮನೆಯವರು ಬಿದ್ದು ಅಳೋ ವಿಡಿಯೊ ಎಷ್ಟು ಗ್ರೂಪುಗಳಲ್ಲಿ ಓಡಾಡಿದವು ನೆನಪಿಸಿಕೊಳ್ಳಿ. ನಾವು ಪತ್ರಕರ್ತರೂ ಅದರಲ್ಲಿದ್ದೆವು. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಆತ್ಮಹತ್ಯೆ ವರದಿಗೆ ಮಾರ್ಗಸೂಚಿ ಒಪ್ಪಿಕೊಂಡಿದೆ: ವಿಧಾನ ವಿವರಿಸಬೇಡಿ, ಫೋಟೊ, ವಿಡಿಯೊ ಬಳಸಬೇಡಿ, ತಲೆಬರಹದಲ್ಲಿ ಅಬ್ಬರ ಬೇಡ ಅಂತ. ಮಂಡಳಿಯ ಅಧಿಕಾರ ಮುದ್ರಣ ಪತ್ರಿಕೆಗಳ ಮೇಲೆ ಮಾತ್ರ. ಟಿವಿಗೂ, ಊರೂರಿನ ಯೂಟ್ಯೂಬ್ ಚಾನೆಲ್ಲಿಗೂ ಅದು ತಾಗಲ್ಲ. ಯೂಟ್ಯೂಬಿನಲ್ಲಿ ಅಂಥ ವಿಡಿಯೊ ಉಳಿದಿದ್ದರೆ ತೀರಾ ಹತ್ತಿರದ ಕುಟುಂಬದವರು ಖಾಸಗಿತನದ ಆಧಾರದ ಮೇಲೆ ತೆಗೆಯೋಕೆ ಕೋರಬಹುದು. ಕೇಳಿದರೆ ಊರಿನ ಗ್ರೂಪ್ ಅಡ್ಮಿನ್ ಕೂಡ ಅಳಿಸ್ತಾರೆ, ಕೇಳೋಕೆ ಒಬ್ಬರು ಬೇಕು ಅಷ್ಟೆ. ಮನೆಯವರೇ ಕೇಳೋ ಹಾಗಾಗಬಾರದು, ಗೆಳೆಯರು ಮಾಡಬೇಕಾದ ಕೆಲಸ ಅದು.

ಇನ್ನೊಂದು ಅಪಾಯ ಕಾನೂನಿನದ್ದು. ಪ್ರಚೋದನೆ ಅಂತ ಬಿಎನ್ಎಸ್ 108ರಡಿ (ಮೊದಲು ಐಪಿಸಿ 306) ಕೇಸು ನಡೀತಿದ್ದರೆ, ಸಿಟ್ಟಿನಲ್ಲಿ ಹಾಕಿದ ಸ್ಟೇಟಸ್ ಸ್ಕ್ರೀನ್‌ಶಾಟ್ ಆಗಿ ವಕೀಲರ ಕೈ ಸೇರುತ್ತೆ. ಮಗಳನ್ನು ಕಳೆದುಕೊಂಡ ತಾಯಿ ಅಳಿಯನ ಮನೆಯವರ ಹೆಸರು ಹಾಕಿ ಬರೆದದ್ದು ಅವಳಿಗೇ ತಿರುಗಬಹುದು. ಬರೀಬೇಡಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. 24 ಗಂಟೆಗೆ ಅಳಿಯುತ್ತೆ ಅನ್ನೋ ನಂಬಿಕೆ ಮಾತ್ರ ಪೂರ್ತಿ ನಿಜ ಅಲ್ಲ ಅನ್ನೋದು ಗೊತ್ತಿರಲಿ.

ಪೊಲೀಸರ ವಿಷಯದಲ್ಲಿ ಒಂದು ಭಯ ಇನ್ನೂ ಹೋಗಿಲ್ಲ. ಆತ್ಮಹತ್ಯೆ ಯತ್ನ ಅಪರಾಧ, ಬದುಕಿ ಉಳಿದರೆ ಕೇಸು ಬೀಳುತ್ತೆ ಅಂತ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ಪರಿಗಣಿಸಬೇಕು, ಶಿಕ್ಷಿಸಬಾರದು ಅಂದಿತು. 2024ರ ಜುಲೈ 1ರಿಂದ ಬಂದ ಬಿಎನ್ಎಸ್‌ನಲ್ಲಿ ಹಳೇ 309ನೇ ಕಲಮು ಇಲ್ಲ. ಭಾಷೆಗೆ ಮಾತ್ರ ತಿದ್ದುಪಡಿ ಬಂದಿಲ್ಲ. ನಮ್ಮ ಪದದೊಳಗೇ ‘ಹತ್ಯೆ’ ಕೂತಿದೆ. ಮನೆಯವರು ಆ ಪದ ಆಡಲ್ಲ, ಗಮನಿಸಿ. ‘ಹಿಂಗಾತು’, ‘ಹೋಗಿಬಿಟ್ಟ’, ‘ಜೀವಾ ಕಳಕೊಂಡ’ ಅಂತಾರೆ. ನೀವು ಅವರ ಹತ್ತಿರ ಮಾತಾಡುವಾಗ ಅವರು ಆಡೋ ಪದವನ್ನೇ ಆಡಿದರೆ ಸಾಕು.

ಹಾಗಾದರೆ ಫೋನಿನಾಚೆ ಏನಿದೆ? ಅಮೆರಿಕದಲ್ಲಿ ತಂದೆಯನ್ನು ಆತ್ಮಹತ್ಯೆಯಿಂದ ಕಳೆದುಕೊಂಡ ಸೆನೆಟರ್ ಹ್ಯಾರಿ ರೀಡ್ 1999ರಲ್ಲಿ ತಂದ ನಿರ್ಣಯದಿಂದ, ಪ್ರತಿ ನವೆಂಬರ್‌ನಲ್ಲಿ ಉಳಿದವರಿಗಾಗಿಯೇ ಒಂದು ದಿನ ನಡೆಯುತ್ತೆ. ಪಕ್ಕದ ತಮಿಳುನಾಡಿನಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ 1986ರಲ್ಲಿ ಕಟ್ಟಿದ ಚೆನ್ನೈನ ಸ್ನೇಹಾ ಸಂಸ್ಥೆ ಇದೆ. ಮದುರೆಯ ನಂದಿನಿ ಮುರಳಿ ಗಂಡನನ್ನು ಕಳೆದುಕೊಂಡ ಮೇಲೆ ‘ಲೆಫ್ಟ್ ಬಿಹೈಂಡ್’ ಅಂತ 2021ರಲ್ಲಿ ಇಂಗ್ಲಿಷ್ ಪುಸ್ತಕ ಬರೆದು, ‘ಸ್ಪೀಕ್’ ಅನ್ನೋ ಹೆಸರಲ್ಲಿ ಇದೇ ಕೆಲಸ ಮಾಡ್ತಿದ್ದಾರೆ. ನಮ್ಮಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಇದೆ. ನಂಬರ್ 14416, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ‘ಸಾಯಬೇಕು ಅನ್ನಿಸಿದವರಿಗೆ ಮಾತ್ರ’ ಅಂತ ತಿಳಿಯಬೇಡಿ, ಮನೆಯವರನ್ನು ಕಳೆದುಕೊಂಡು ನಿದ್ದೆ ಬಾರದವರೂ ಮಾಡಬಹುದು. ಈ ಲೇಖನ ಓದ್ತಾ ನಿಮಗೇ ತಡೆಯಲಾಗದ ಹಾಗೆ ಅನ್ನಿಸಿದರೆ ಇಲ್ಲಿಗೇ ನಿಲ್ಲಿಸಿ, ಆ ನಂಬರಿಗೆ ಫೋನ್ ಮಾಡಿ, ಇಲ್ಲವೇ ಪಕ್ಕದಲ್ಲಿರೋರನ್ನು ಕರೀರಿ.

ನನ್ನ ತಕರಾರು ಒಂದೇ. ಈ ನಂಬರಿಗೆ ಅವರೇ ಫೋನ್ ಮಾಡಬೇಕು. ಆದರೆ ಪೊಲೀಸರು, ಕಂದಾಯ ಇಲಾಖೆಯವರು ತಾವಾಗಿಯೇ ಆ ಮನೆಗೆ ಹೋಗ್ತಾರೆ, ವಿಳಾಸ, ಫೋನ್ ನಂಬರ್, ಕುಟುಂಬದವರ ಹೆಸರು ಎಲ್ಲಾ ಬರೆದುಕೊಳ್ತಾರೆ. ಅದೇ ಪಟ್ಟಿಯಿಂದ, ಮನೆಯವರು ಒಪ್ಪಿದರೆ, ತಿಂಗಳಾದ ಮೇಲೆ ಒಮ್ಮೆ, ವರ್ಷದ ದಿನ ಒಮ್ಮೆ ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು ಫೋನ್ ಮಾಡಿದರೆ ಏನು ಖರ್ಚು? ಆಶಾ ಕಾರ್ಯಕರ್ತೆ ಬಾಣಂತಿ ಮನೆಗೆ ಹೋಗಿ ಬರೋ ಹಾಗೆ. 2022ರ ನವೆಂಬರ್‌ನಲ್ಲಿ ಬಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯನೀತಿ 2030ರೊಳಗೆ ಸಾವಿನ ಪ್ರಮಾಣವನ್ನು ಶೇ 10ರಷ್ಟು ಇಳಿಸೋ ಗುರಿ ಇಟ್ಟುಕೊಂಡಿದೆ. ಅಪಾಯದಲ್ಲಿರೋರು ಯಾರು ಅಂತ ಹುಡುಕೋಕೆ ಇಷ್ಟು ಖಚಿತವಾದ ಪಟ್ಟಿ ಇನ್ನೊಂದಿಲ್ಲ.

ಅಲ್ಲಿಯವರೆಗೆ ಈ ಕೆಲಸ ಆ ನಲವತ್ತಾರು ಮಂದಿಯ ಮೇಲೇ ಬೀಳುತ್ತೆ. ಅವರು ಯಾಕೆ ಸುಮ್ಮನಿರ್ತಾರೆ? ನಾನೂ ಅವರಲ್ಲಿ ಒಬ್ಬ, ಹಾಗಾಗಿ ಕಾರಣ ಗೊತ್ತು. ಏನು ಬರೀಬೇಕು ಅಂತ ತಿಳಿಯಲ್ಲ. ತಪ್ಪು ಬರೆದು ನೋಯಿಸಿಬಿಟ್ಟರೆ ಅನ್ನೋ ಹೆದರಿಕೆ. ‘ಆರ್‌ಐಪಿ’ ಅಂತ ಹಾಕೋಕೆ ಎರಡು ವರ್ಷ ತಡ. ಕೈ ಮುಗಿಯೋ ಇಮೋಜಿ ಒತ್ತಿ ಮುಂದಿನ ಸ್ಟೇಟಸ್‌ಗೆ ಹೋಗಿಬಿಡ್ತೀವಿ, ಅಲ್ಲಿ ಯಾರದೋ ಮದುವೆ ಊಟ ನಡೀತಿರುತ್ತೆ.

ಆ ಇಬ್ಬರು ಏನು ಬರೀತಾರೆ ಅಂತ ಅಕ್ಕನನ್ನು ಕೇಳಿದೆ. ಒಬ್ಬರು ಅವರ ಚಿಗವ್ವನ ಮಗಳು. ಅವಳು ದಿನಾ ‘ಊಟಾತಾ ಅಕ್ಕಾ?’ ಅಂತ ಮಾತ್ರ ಬರೀತಾಳೆ. ಇನ್ನೊಬ್ಬ ತಮ್ಮನ ಜೊತೆ ಮಂಗಳೂರಿಗೆ ದುಡಿಯೋಕೆ ಹೋಗಿದ್ದ ಹುಡುಗ. ಅವನು ಆಗಾಗ ಒಂದೊಂದು ಸುದ್ದಿ ಕಳಿಸ್ತಾನೆ. ತಮ್ಮ ಅಲ್ಲಿ ರೂಮಿನಲ್ಲಿ ರೊಟ್ಟಿ ಬಡಿಯೋಕೆ ಹೋಗಿ ಪಕ್ಕದವರು ಜಗಳಕ್ಕೆ ಬಂದದ್ದು. ಮೊದಲ ಸಲ ಸಮುದ್ರ ನೋಡಿ ‘ನಮ್ಮ ಹೊಳಿಗಿಂತ ಭಾಳ ಐತಿಲೇ’ ಅಂದದ್ದು. ಮನೆಯವರಿಗೆ ಗೊತ್ತೇ ಇಲ್ಲದ ತಮ್ಮ ಅವನ ಹತ್ತಿರ ಇದ್ದ, ಕಂತುಕಂತಾಗಿ ಅಕ್ಕನ ಫೋನಿಗೆ ಬರ್ತಿದ್ದಾನೆ.

ನಾನು ಆ ಹುಡುಗನನ್ನು ಒಮ್ಮೆಯೂ ನೋಡಿದವನಲ್ಲ, ಕಳಿಸೋಕೆ ನನ್ನ ಹತ್ತಿರ ನೆನಪೂ ಇಲ್ಲ. ಮೊನ್ನೆ ಬೆಳಗ್ಗೆ ಜಾತ್ರೆಯ ಫೋಟೊ ಮತ್ತೆ ಬಂತು. ‘ಇದು ಯಾವ ಊರ ಜಾತ್ರಿ ಅಕ್ಕಾರ?’ ಅಂತ ಕೇಳಿದೆ. ಒಂದು ನಿಮಿಷಕ್ಕೆ ನೀಲಿ ಗೆರೆ ಬಿತ್ತು. ಆಮೇಲೆ ‘ರೆಕಾರ್ಡಿಂಗ್’ ಅಂತ ತೋರಿಸ್ತು, ಬಹಳ ಹೊತ್ತು ತೋರಿಸ್ತಾನೇ ಇತ್ತು. ಕೊನೆಗೆ ಬಂದದ್ದು ಏಳು ನಿಮಿಷದ ವಾಯ್ಸ್ ಮೆಸೇಜು. ಹಿಂದೆ ರೊಟ್ಟಿ ಬಡಿಯೋ ಸದ್ದು ಕೇಳ್ತಿತ್ತು.